ಮಂಡಿ ಮಾಸ್ತರನ ಕೆಂಪು ದಾರ

ಊರಿನ ಅರ್ಧ ಜನರ ಪ್ಯಾಂಟು ಸರಿಮಾಡಿಕೊಡುತ್ತಿದ್ದ ನನ್ನ ಗೆಳೆಯನ ಸ್ವಂತ ಪ್ಯಾಂಟಿನ ಮಂಡಿಗಳು ಯಾವಾಗಲೂ ಸವೆದು ಜಾಳಾಗಿರುತ್ತಿದ್ದವು. ಅದಕ್ಕೇ ಬೀದಿಯವರು ಅವನನ್ನು ಮಂಡಿ ಮಾಸ್ತರ್ ಎಂದು ಕರೆಯುತ್ತಿದ್ದರು. ಹೊಸಬರು ಯಾರಾದರೂ ಕಾರಣ ಕೇಳಿದರೆ ಎದುರಿನ ಕ್ಷೌರದಂಗಡಿಯವನು, "ದಿನಾ ಹೆಂಡತಿ ಮುಂದೆ ಮಂಡಿ ಊರ್ತಾರೆ, ಸವೀದೆ ಇನ್ನೇನಾಗುತ್ತೆ" ಎನ್ನುತ್ತಿದ್ದ. ಮಾಸ್ತರ ನಗುತ್ತಿದ್ದ. ಅವನು ಮಂಡಿಯೂರುತ್ತಿದ್ದದ್ದು ಮೀನಿನ ಮುಂದೆ.

ಅವನು ಹೋಗಿ ಐದು ತಿಂಗಳಾಯಿತು. ಬರೆಯಬೇಕೆಂದು ಎರಡು ಸಲ ಕೂತು ಎದ್ದಿದ್ದೇನೆ. ಜೀವಮಾನವೆಲ್ಲ ಲೈಬ್ರರಿಯಲ್ಲಿ ಕಳೆದವನಿಗೆ ಬೇರೆಯವರು ಬರೆದದ್ದನ್ನು ಜೋಡಿಸಿಡುವುದು ಗೊತ್ತು, ತಾನೇ ಬರೆಯುವುದು ಅಷ್ಟು ಗೊತ್ತಿಲ್ಲ. ಈಗ ಬೇಸಿಗೆ ಬಂದಿದೆ, ತೊರೆ ಇಳಿದಿದೆ. ಅವನ ಕಾಲ ಇದು. ಈಗಲೂ ಬರೆಯದಿದ್ದರೆ ಇನ್ನು ಬರೆಯುವುದಿಲ್ಲ.

ಮೂರು ಮಹಡಿಯ ಕಟ್ಟಡವೊಂದರ ಮೆಟ್ಟಿಲ ಕೆಳಗೆ ಅವನ ಅಂಗಡಿ. ಮೆಟ್ಟಿಲೇ ಚಾವಣಿಯಾದ್ದರಿಂದ ಬಾಗಿಲ ಬಳಿ ಎತ್ತರವಾಗಿದ್ದು ಒಳಗೆ ಹೋದಂತೆ ತಗ್ಗಾಗುತ್ತಿತ್ತು. ಹೊಲಿಗೆ ಯಂತ್ರ ಇದ್ದ ಮೂಲೆಯಲ್ಲಿ ಕೂತವನು ನೆಟ್ಟಗೆ ಎದ್ದರೆ ತಲೆ ಬಡಿಯುವುದು ಖಂಡಿತ. ಮೇಲೆ ಯಾರು ಹತ್ತುತ್ತಿದ್ದಾರೆ, ಇಳಿಯುತ್ತಿದ್ದಾರೆ ಎಂದು ಹೆಜ್ಜೆಯ ಸದ್ದಿನಲ್ಲೇ ಹೇಳುತ್ತಿದ್ದ. ಹೊಸ ಬಟ್ಟೆ ಹೊಲಿಯುತ್ತಿರಲಿಲ್ಲ. ಉದ್ದವಾದದ್ದನ್ನು ಗಿಡ್ಡ ಮಾಡುವುದು, ಬಿಗಿಯಾದದ್ದನ್ನು ಬಿಡಿಸುವುದು, ಜಿಪ್ಪು ಬದಲಿಸುವುದು, ಗುಂಡಿ ತೂರುವ ತೂತಿನ ಅಂಚಿಗೆ ದಾರ ಸುತ್ತಿ ಕಾಜಾ ಕಟ್ಟುವುದು, ಇಷ್ಟೇ. ಕೋಟುಗಳಿಂದ ಕತ್ತರಿಸಿ ತೆಗೆದ ಚೂರುಗಳನ್ನು ಯಂತ್ರದ ಕೆಳಗಿನ ಡ್ರಾಯರಿನಲ್ಲಿ ಹಾಕಿಡುತ್ತಿದ್ದ. ಕೆಲಸ ಕಡಿಮೆ ಇದ್ದ ಮಧ್ಯಾಹ್ನ ಆ ಚೂರುಗಳಿಂದ ಒಂದೆರಡು ಎಳೆ ಉಣ್ಣೆ ಕಿತ್ತು, ಅಕ್ಕಿಕಾಳಿನಷ್ಟು ಸಣ್ಣ ಕೊಕ್ಕೆಗೆ ಕಾಜಾ ದಾರದಿಂದ ಸುತ್ತಿ, ಹಿಂದೆ ಒಂದು ಎಸಳು ಗರಿ ಸೇರಿಸಿ ನೊಣ ಮಾಡುತ್ತಿದ್ದ. ನೀರ ಮೇಲೆ ತೇಲಿದರೆ ಮೀನಿಗೂ ಅದು ನೊಣವೇ. ಎರೆಹುಳು ಪೋಣಿಸುವ ಗಾಳ ಅವನಿಗೆ ಒಗ್ಗಲೇ ಇಲ್ಲ. ಈ ಹುಸಿನೊಣಗಳಿಗೆ ಅವನು ಇಡುತ್ತಿದ್ದ ಹೆಸರುಗಳು ಗಿರಾಕಿಗಳವು. ಬೂದು ಬಣ್ಣದ್ದು ವಕೀಲರು. ಕಪ್ಪು, ಸ್ವಲ್ಪ ಮಿನುಗುವುದು ಹಾಡು ಹೇಳಿಕೊಡುವ ಟೀಚರು. "ನಿನ್ನೆ ವಕೀಲರನ್ನ ಒಂದು ಮೀನು ನುಂಗಿಬಿಡ್ತು ಕಣಯ್ಯಾ" ಎಂದು ಅವನು ಹೇಳಿದ್ದನ್ನು ಬಾಗಿಲಲ್ಲಿ ನಿಂತಿದ್ದ ವಕೀಲರ ಗುಮಾಸ್ತ ಕೇಳಿಸಿಕೊಂಡು ಗಾಬರಿಯಾದದ್ದೂ ಉಂಟು.

ಮಳೆಗಾಲ ಮುಗಿದ ಮೇಲೆ ತೊರೆ ತುಂಬಿರುವಾಗ ಯಾರು ಬೇಕಾದರೂ ಮೀನು ಹಿಡಿಯಬಹುದು ಎನ್ನುತ್ತಿದ್ದ. ಬಿರುಬೇಸಿಗೆಯಲ್ಲಿ, ನೀರು ಪಾದ ಮುಚ್ಚುವಷ್ಟಕ್ಕೆ ಇಳಿದು ಗಾಜಿನಂತಾದಾಗ ಹಿಡಿಯುವುದು ಬೇರೆ ವಿದ್ಯೆ. ಆಗ ಮೀನಿಗೆ ಎಲ್ಲವೂ ಕಾಣುತ್ತದೆ. ನಿಂತ ಮನುಷ್ಯ ಕಂಡರೆ ಮುಗಿಯಿತು, ನೆರಳು ಬಿದ್ದರೆ ಮುಗಿಯಿತು, ಕಲ್ಲಿಗೆ ಕಾಲು ತಾಗಿದರೂ ಮುಗಿಯಿತು. ಮೀನು ಹರಿವಿಗೆ ಎದುರಾಗಿ ನಿಂತಿರುತ್ತದಾದ್ದರಿಂದ ಅವನು ಕೆಳಗಿನಿಂದ, ಅದರ ಬೆನ್ನ ಹಿಂದಿನಿಂದ, ದಡದಲ್ಲಿ ಮಂಡಿಯೂರಿ ತೆವಳುತ್ತ ಮೇಲೆ ಹೋಗುತ್ತಿದ್ದ. ನೀರಿಗೆ ಕಾಲಿಡುವುದು ಮಹಾಪರಾಧ. ಜೊತೆಗೆ ಹೋದ ನಾನು ದೂರದ ಬಂಡೆಯ ಮೇಲೆ ಪುಸ್ತಕ ಹಿಡಿದು ಕೂರುತ್ತಿದ್ದೆ. ನೀನೂ ಒಮ್ಮೆ ಮಂಡಿಯೂರು ಎಂದು ಎಷ್ಟು ವರ್ಷ ಕರೆದ! ನನ್ನ ಪ್ಯಾಂಟು ಹಾಳಾಗುತ್ತದೆ ಎಂದು ನಾನು, ಹಾಳಾದರೆ ಸರಿಮಾಡುವವನು ಇಲ್ಲೇ ಇದ್ದಾನಲ್ಲ ಎಂದು ಅವನು.

ಅವನ ಅಂಗಿಯ ಜೇಬಿನಲ್ಲಿ ಪೆನ್ನಿನ ಜಾಗದಲ್ಲಿ ಒಂದು ಗಾಜಿನ ಥರ್ಮಾಮೀಟರ್ ಇರುತ್ತಿತ್ತು. ಅದರ ಹತ್ತೊಂಬತ್ತು ಡಿಗ್ರಿಯ ಗೆರೆಯ ಮೇಲೆ ಕೆಂಪು ಕಾಜಾ ದಾರವನ್ನು ಮೂರು ಸುತ್ತು ಸುತ್ತಿ ಗಂಟು ಹಾಕಿದ್ದ. ಮೊದಲು ಅದನ್ನು ನೀರಲ್ಲಿ ಇಳಿಬಿಟ್ಟು ನೂರು ಎಣಿಸುವುದು. ಪಾದರಸ ಕೆಂಪು ದಾರ ದಾಟಿದ್ದರೆ ಕೋಲು ಮಡಚಿ ಮನೆಗೆ. ಮೀನು ಎದುರಿಗೇ ಕುಣಿಯುತ್ತಿದ್ದರೂ ಸರಿ. ಬಿಸಿಯಾದ ನೀರಲ್ಲಿ ಉಸಿರು ಕಡಿಮೆ. ಸೆಣಸಿ ಸುಸ್ತಾದ ಮೀನನ್ನು ಎಷ್ಟು ಮೆತ್ತಗೆ ಬಿಟ್ಟರೂ ಆಮೇಲೆ ಎಲ್ಲೋ ಹೋಗಿ ಸಾಯುತ್ತದೆ. ಇದು ಅವನಿಗೆ ಪುಸ್ತಕ ಹೇಳಿಕೊಟ್ಟದ್ದಲ್ಲ. ಮದುವೆಯಾದ ವರ್ಷ ಒಂದು ಉರಿ ಮಧ್ಯಾಹ್ನ ಅವನು ಹಿಡಿದು ಬಿಟ್ಟ ದೊಡ್ಡ ಮೀನೊಂದು ಕೆಳಗಿನ ಮಡುವಿನಲ್ಲಿ ಹೊಟ್ಟೆ ಮೇಲಾಗಿ ತೇಲಿತಂತೆ. ಒಂದು ಗಂಟೆ ಅದನ್ನು ಹರಿವಿಗೆ ಮುಖ ಮಾಡಿ ಹಿಡಿದುಕೊಂಡು ಕೂತಿದ್ದನಂತೆ. ಮರುದಿನ ದಾರ ಕಟ್ಟಿದ. ಈ ಸಂಗತಿ ನನಗೆ ಹೇಳಿದ್ದು ಒಂದೇ ಸಲ.

ಹಿಡಿದದ್ದೆಲ್ಲ ಬಿಟ್ಟುಬರುತ್ತಿದ್ದುದರಿಂದ ಅವನ ಮೀನನ್ನು ಯಾರೂ ನೋಡಿದವರಿಲ್ಲ. ಅತ್ತಿಗೆಯಂತೂ, ಅಂದರೆ ಅವನ ಹೆಂಡತಿ, ನಾನು ಹೋದಾಗಲೆಲ್ಲ ದೂರುತ್ತಿದ್ದರು: ಇಪ್ಪತ್ತೇಳು ವರ್ಷದಿಂದ ಮುಂಜಾವದಲ್ಲಿ ಎದ್ದು ಬಾಗಿಲು ಹಾಕಿಕೊಳ್ಳುತ್ತಿದ್ದೇನೆ, ಮೀನಿನ ಒಂದು ಹುರುಪೆಯನ್ನೂ ಕಂಡವಳಲ್ಲ, ಬೇರೆಯವರ ಗಂಡಂದಿರು ಸುಳ್ಳು ಹೇಳಿಕೊಂಡು ಎಲ್ಲೆಲ್ಲಿಗೋ ಹೋಗುತ್ತಾರೆ, ಇವರು ಎಲ್ಲಿಗೆ ಹೋಗುತ್ತಾರೋ. ನಾನೂ ದೂರದಲ್ಲಿ ಕೂತು ನೀರು ಚಿಮ್ಮಿದ್ದನ್ನು ಕಂಡಿದ್ದೆ, ಅಷ್ಟೇ. ಅವನನ್ನು ನಂಬಿದ್ದೆನೇ ಹೊರತು ಮೀನನ್ನು ಹತ್ತಿರದಿಂದ ನೋಡಿರಲಿಲ್ಲ.

ಒಂಬತ್ತು ವರ್ಷಗಳ ಹಿಂದೆ, ಮಳೆ ಸತತ ಮೂರನೇ ಸಲ ಕೈಕೊಟ್ಟ ಬೇಸಿಗೆಯಲ್ಲಿ, ತೊರೆಯಲ್ಲಿ ಮೀನಿದೆ ಎಂಬ ಅವನ ಮಾತೇ ಪಣಕ್ಕೆ ಬಿತ್ತು.

ಊರಲ್ಲಿ ಗಾಳ ಹಾಕುವವರದೊಂದು ಸಂಘ ಇದೆ. ಅದರ ಕಾರ್ಯದರ್ಶಿ ಔಷಧಿ ಅಂಗಡಿಯವರು. ಸಭೆ ನಡೆಯುವುದು ಅವರ ಅಂಗಡಿಯ ಮೇಲಿನ ಕೋಣೆಯಲ್ಲಿ, ಖಾಲಿ ಪೆಟ್ಟಿಗೆಗಳ ನಡುವೆ. ಸೇತುವೆಯಿಂದ ಮೇಲೆ ತೊರೆ ಸತ್ತುಹೋಗಿದೆ, ಮಳೆ ಬಿದ್ದ ಕೂಡಲೇ ಅಲ್ಲಿಗೆ ಸಾಕಿದ ಮೀನು ತರಿಸಿ ಬಿಡೋಣ ಎಂದು ಅವರು ಮಂಡಿಸಿದರು. ಕೆಟ್ಟ ಮನುಷ್ಯರಲ್ಲ. ಎರಡು ಸಲ ತಾವೇ ನಡುಮಧ್ಯಾಹ್ನ ಹತ್ತಿ ಹೋಗಿ ನೋಡಿ ಒಂದೂ ಕಾಣದೆ ಬಂದಿದ್ದರು. ಎಲ್ಲರೂ ತಲೆಯಾಡಿಸಿದರು. ಸಭೆಯಲ್ಲಿ ಎಂದೂ ಬಾಯಿಬಿಡದ ಮಾಸ್ತರ ಅಂದು ಎದ್ದು ನಿಂತ. ಮೇಲೆ ಚುಕ್ಕೆಮೀನು ಇದೆ, ಈ ತೊರೆಯದೇ ತಳಿ, ಸಣ್ಣದು. ತೊಟ್ಟಿಯಲ್ಲಿ ಕೊಬ್ಬಿದ ಮೀನು ತಂದು ಬಿಟ್ಟರೆ ಒಂದೇ ವರ್ಷದಲ್ಲಿ ಇವನ್ನೆಲ್ಲ ತಿಂದು ಮುಗಿಸುತ್ತವೆ ಎಂದ. ಇದೆ ಎಂದು ಕಂಡವರು ಯಾರು ಎಂದು ಅವರು ಕೇಳಿದರು. ನಾನು ಎಂದ. ಕೋಣೆಯೆಲ್ಲ ನಕ್ಕಿತು.

ಕೊನೆಗೆ ತೀರ್ಮಾನವಾದದ್ದು ಹೀಗೆ: ಬರುವ ಭಾನುವಾರ ಕಾರ್ಯದರ್ಶಿಗಳ ಕಣ್ಣೆದುರು ಮಾಸ್ತರ ಮೇಲಿನ ಮಡುವಿನಲ್ಲಿ ಒಂದು ಮೀನು ಹಿಡಿದು ತೋರಿಸಬೇಕು. ತೋರಿಸಿದರೆ ಸಾಕಿದ ಮೀನು ಬೇಡ. ಇಲ್ಲವಾದರೆ ಸೋಮವಾರವೇ ಆರ್ಡರು ಹೋಗುತ್ತದೆ. ಮಾಸ್ತರ ಒಂದೇ ಒಂದು ಷರತ್ತು ಹಾಕಿದ. ಬೆಳಗ್ಗೆ ಐದೂವರೆಗೆ ಸೇತುವೆಯ ಹತ್ತಿರ ಇರಬೇಕು, ಬಿಸಿಲೇರಿದರೆ ಆಗುವುದಿಲ್ಲ.

ಐದೂವರೆಗೆ ನಾವಿಬ್ಬರೂ ಸೇತುವೆಯಲ್ಲಿದ್ದೆವು. ಜೊತೆಗೆ ಅತ್ತಿಗೆಯೂ ಇದ್ದರು. ಬೀದಿಯ ಮಾತು ಅವರ ಕಿವಿಗೂ ಬಿದ್ದಿತ್ತು. ಮರ್ಯಾದೆ ಹೋಗುವುದೇ ಆದರೆ ಮನೆಯಲ್ಲಿ ಕೂತು ಕೇಳುವುದಕ್ಕಿಂತ ಎದುರಿಗೇ ನೋಡುತ್ತೇನೆ ಎಂದು ಹೊರಟುಬಂದಿದ್ದರು, ಹವಾಯಿ ಚಪ್ಪಲಿ ಹಾಕಿ, ಕೈಯಲ್ಲಿ ದೊಡ್ಡ ಕಪ್ಪು ಕೊಡೆ ಹಿಡಿದು. ತೊರೆಯ ಹತ್ತಿರ ಅದನ್ನು ಬಿಚ್ಚಬೇಡವೆಂದು ಮಾಸ್ತರ ಕೈಮುಗಿದು ಕೇಳಿಕೊಂಡ.

ಆರಾಯಿತು. ಆರೂವರೆಯಾಯಿತು. ಕಾರ್ಯದರ್ಶಿಗಳು ಬಂದದ್ದು ಏಳೂಕಾಲಿಗೆ, ಕಾಫಿಯ ಫ್ಲಾಸ್ಕಿನೊಂದಿಗೆ. ಭಾನುವಾರ ಅಲ್ವಾ, ಕಣ್ಣು ಹತ್ತಿಬಿಡ್ತು ಎಂದರು. ಮಾಸ್ತರ ಕೋಲಿನ ಚೀಲ ಹೆಗಲಿಗೇರಿಸಿದ. ಮುಂದೆ ನಡೆದ. ಹತ್ತುವುದಕ್ಕೇ ಒಂದು ಗಂಟೆ ಹಿಡಿಯಿತು. ದಾರಿಯುದ್ದಕ್ಕೂ ಕಲ್ಲುಗಳು ಬೆಳ್ಳಗೆ ಒಣಗಿದ್ದವು, ನಡುವೆ ನೀರು ಕಾಲುವೆಯಷ್ಟೂ ಇರಲಿಲ್ಲ.

ಮೇಲಿನ ಮಡು ಒಂದು ಸಣ್ಣ ಕೋಣೆಯಷ್ಟು ಅಗಲ. ಎದುರಿಗೆ ಬಂಡೆಯಿಂದ ನೀರು ಧುಮುಕುತ್ತಿತ್ತು. ಧುಮುಕುತ್ತಿತ್ತು ಎನ್ನುವುದೂ ಹೆಚ್ಚೇ, ಸೋರುತ್ತಿತ್ತು. ಆ ಬಿಳಿ ನೊರೆಯ ಕೆಳಗೆ ಮಾಸ್ತರ ಬೆರಳು ತೋರಿಸಿದ. ದಿಟ್ಟಿಸಿದರೆ ಅಲ್ಲೊಂದು ಕಪ್ಪು ಗೆರೆ ಅಲುಗುತ್ತಿತ್ತು. ನನಗೆ ಕಂಡಿತು. ಕಾರ್ಯದರ್ಶಿಗಳು ಅದು ಕಲ್ಲಿನ ನೆರಳು ಎಂದರು. ಮಾಸ್ತರ ಕೆಳದಡದಲ್ಲಿ ಮಂಡಿಯೂರಿ ಥರ್ಮಾಮೀಟರ್ ಇಳಿಬಿಟ್ಟ. ಅವನ ತುಟಿ ನೂರರವರೆಗೆ ಎಣಿಸಿದ್ದು ಕಾಣುತ್ತಿತ್ತು. ಎತ್ತಿ ನೋಡಿದ. ಇನ್ನೊಮ್ಮೆ ಇಳಿಬಿಟ್ಟು ಇನ್ನೊಮ್ಮೆ ಎಣಿಸಿದ. ಇಪ್ಪತ್ತೂವರೆ.

ಅವನು ಗಾಳದ ದಾರ ಸುತ್ತಿಡಲು ಶುರುಮಾಡಿದ.

"ಏನಾಯ್ತು ಮಾಸ್ತರ್?"

"ನೀರು ಬಿಸಿಯಾಗಿದೆ. ಇವತ್ತು ಆಗಲ್ಲ."

"ಮೀನು ಅಲ್ಲೇ ಇದೆ ಅಂದ್ರಲ್ಲ?"

"ಇದೆ. ಗಾಳ ಹಾಕಿದ್ರೆ ಬರುತ್ತೆ. ಆಮೇಲೆ ಸಾಯುತ್ತೆ."

ಕಾರ್ಯದರ್ಶಿಗಳು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ ನಕ್ಕರು. "ಕುಣಿಯಲಾರದವರಿಗೆ ನೆಲ ಡೊಂಕು. ನಿಮಗೆ ನೀರು ಬಿಸಿ."

ಆಗ ಅವನ ಮುಖ ನೋಡಿದ್ದೇನೆ. ಸಿಟ್ಟಿರಲಿಲ್ಲ. ಒಂದು ಮೀನು ಸತ್ತರೆ ಉಳಿದ ಅಷ್ಟೂ ಮೀನು ಬದುಕುತ್ತವೆ ಎಂಬ ಲೆಕ್ಕ ಯಾರಿಗಾದರೂ ಹೊಳೆಯುವಂಥದೇ, ನಾನು ಅದನ್ನು ಅವನ ಕಿವಿಯಲ್ಲಿ ಹೇಳಿಯೂ ಹೇಳಿದೆ. ಅವನು ನನ್ನನ್ನು ನೋಡಿ ಮೆಲ್ಲಗೆ ತಲೆಯಲ್ಲಾಡಿಸಿ, ಬಟ್ಟೆಯ ಚೀಲದಲ್ಲಿ ಕೋಲಿನ ತುಂಡುಗಳನ್ನು ಒಂದೊಂದಾಗಿ ಇಳಿಸಿದ. ಇಪ್ಪತ್ತೇಳು ವರ್ಷ ಯಾರೂ ನೋಡದ ಕಡೆ ಪಾಲಿಸಿದ್ದನ್ನು ಎಲ್ಲರೂ ನೋಡುವಾಗ ಮುರಿಯುವುದು ಅವನಿಂದಾಗಲಿಲ್ಲ.

ತಾಳ್ಮೆ ಕೆಟ್ಟದ್ದು ಅತ್ತಿಗೆಗೆ. ಮುಂಜಾವದಲ್ಲಿ ಎಬ್ಬಿಸಿ, ಕಲ್ಲುಗುಡ್ಡ ಹತ್ತಿಸಿ, ಈಗ ನೀರಿಗೆ ಜ್ವರ ಅಂತೀರಲ್ಲ, ನಿಮ್ಮ ಥರ್ಮಾಮೀಟರ್ ಅನ್ನ ನನ್ನ ಬಾಯಿಗಿಡಿ, ಎಷ್ಟು ಕಾದಿದೆ ಅಂತ ಗೊತ್ತಾಗುತ್ತೆ ಎಂದು ಬೈದು, ಚಪ್ಪಲಿ ಕೈಯಲ್ಲಿ ಹಿಡಿದು ಮಡುವಿನ ಎಡದಡಕ್ಕೆ ಹೋದರು. ಅಲ್ಲೊಂದು ಹಾಸುಬಂಡೆ ನೀರಿನ ಮೇಲೆ ಚಾಚಿಕೊಂಡಿತ್ತು. ಅದರ ಮೇಲಿನ ತುದಿಯಲ್ಲಿ ಕೂತು, ಗಂಡನ ಎಲ್ಲ ಕಾನೂನುಗಳನ್ನೂ ಮೀರಿ, ಊದಿದ ಎರಡೂ ಕಾಲುಗಳನ್ನು ತೊರೆಗೆ ಇಳಿಬಿಟ್ಟರು. ಮರುಕ್ಷಣ ಬೆಚ್ಚಿಬಿದ್ದರು.

"ರೀ, ಇದೇನ್ರೀ ಇದು? ಬಿಸಿ ಅಂದ್ರಿ. ಕಾಲು ಮರಗಟ್ಟಿ ಹೋಯ್ತು."

ಮಾಸ್ತರ ಕೋಲಿನ ಚೀಲ ಕೆಳಗಿಟ್ಟ. ಅವಸರದಲ್ಲಿ ಮಂಡಿಯೂರದೆ ನೆಟ್ಟಗೆ ನಡೆದೇ ಹೋದ. ಮಡುವಿನ ಅಂಚಿನಲ್ಲಿ ಅವನು ಹಾಗೆ ನಡೆದದ್ದನ್ನು ಅದೊಂದೇ ಸಲ ಕಂಡೆ. ಬಂಡೆಯ ಬುಡದಲ್ಲೊಂದು ಬಿರುಕು. ಅಲ್ಲಿಂದ ಗುಡ್ಡದೊಳಗಿನ ನೀರು ಸದ್ದಿಲ್ಲದೆ ಬಂದು ತೊರೆ ಸೇರುತ್ತಿತ್ತು. ಥರ್ಮಾಮೀಟರ್ ಇಳಿಬಿಟ್ಟ. ಹದಿಮೂರು. ದಡದಗುಂಟ ಒಂದು ಮಾರು ಕೆಳಗೆ, ಹದಿನಾಲ್ಕು. ಚಾಚಿದ ಬಂಡೆಯ ನೆರಳಿನಡಿ, ಹದಿನಾರು. ಎರಡು ಗೇಣು ಅಗಲದ ತಣ್ಣೀರಿನ ಎಳೆಯೊಂದು ಬಿಸಿ ಮಡುವಿನ ಅಂಚಿನಲ್ಲಿ ಹೊಲಿಗೆ ಹಾಕಿದಂತೆ ಹರಿಯುತ್ತಿತ್ತು. ಅವನು ಜೋರಾಗಿ ನಕ್ಕುಬಿಟ್ಟ.

"ನೀರಿಗೆ ಕಾಲಿಡಬಾರದು ಅಂತ ನಾನೇ ಕಾನೂನು ಮಾಡಿಕೊಂಡೆ. ಇಟ್ಟಿದ್ರೆ ಮೊದಲ ವರ್ಷವೇ ಗೊತ್ತಾಗ್ತಿತ್ತು. ಪೆದ್ದ ನಾನು."

"ಅದನ್ನ ನಾನು ಮೊದಲ ವರ್ಷವೇ ಹೇಳಿದ್ದೆ" ಎಂದರು ಅತ್ತಿಗೆ.

ಮತ್ತೆ ಕೋಲು ಜೋಡಿಸಿದ. ಈಗ ಸಮಸ್ಯೆ ಬೇರೆ. ನೊರೆಯ ಕೆಳಗಿನ ಒಂದನ್ನು ಬಿಟ್ಟರೆ ಮೀನುಗಳೆಲ್ಲ ಸೇರಿರುವುದು ಬಂಡೆಯ ನೆರಳಿನಡಿಯ ತಣ್ಣೀರಿನಲ್ಲಿ. ಸಿಕ್ಕಿದ ಮೀನನ್ನು ಮಡುವಿನ ನಡುವಿನ ಬಿಸಿಗೆ ಬಿಡಬಾರದು, ತಣ್ಣನೆಯ ಎಳೆಯಗುಂಟವೇ ಮೇಲಕ್ಕೆ ತರಬೇಕು. ಮೇಲೆ ಕೂತವರು ಅತ್ತಿಗೆ. ಅವರು ಕಾಲು ತೆಗೆದರೆ ನೀರು ಕದಡಿ ಎಲ್ಲ ಚದುರುತ್ತದೆ. ಆದ್ದರಿಂದ ಕಾಲನ್ನು ನೀರಲ್ಲೇ ಇಟ್ಟುಕೊಂಡು, ನಾನು ಹೇಳುವವರೆಗೆ ಕಲ್ಲಿನ ಹಾಗೆ ಕೂತಿರು ಎಂದು ಹೇಳಿದ. ಕಾಲು ಉದುರಿಹೋದರೆ ನೀವೇ ಹೊಲಿದುಕೊಡಬೇಕು ಎಂದು ಅವರು ಕೂತರು.

ಕೆಳಗಿನಿಂದ ಮಂಡಿಯ ಮೇಲೆ ತೆವಳುತ್ತ ಹೋದ. ಬಂಡೆ ತಲೆಯ ಮೇಲಿದ್ದುದರಿಂದ ಕೋಲನ್ನು ಎತ್ತುವಂತಿರಲಿಲ್ಲ. ಪಕ್ಕಕ್ಕೆ, ನೀರಿಗೆ ಸಮನಾಗಿ ಬೀಸಬೇಕು. ಮೆಟ್ಟಿಲ ಕೆಳಗೆ ತಲೆ ಬಗ್ಗಿಸಿ ಬದುಕಿದವನಿಗೆ ಅದು ಕಷ್ಟವಾಗಲಿಲ್ಲ. ಕೂದಲಿಗಿಂತ ತೆಳುವಾದ ದಾರ ಸುರುಳಿ ಬಿಚ್ಚಿ ಹೋಗಿ, ವಕೀಲರು ನೆರಳಿನ ಅಂಚಿಗೆ ಇಳಿದರು. ಒಂದು ಮೂತಿ ಮೇಲೆ ಬಂತು. ನೋಡಿತು. ಹಿಂತಿರುಗಿತು. ಕಾರ್ಯದರ್ಶಿಗಳು ಫ್ಲಾಸ್ಕು ಕೆಳಗಿಟ್ಟದ್ದು ಆಗಲೇ.

ಮಾಸ್ತರ ಟೋಪಿಯ ಅಂಚಿನಿಂದ ಇನ್ನೊಂದು ನೊಣ ತೆಗೆದ. ಮೊದಲಿನದರ ಅರ್ಧದಷ್ಟು, ಕಂದು ಬಣ್ಣದ್ದು. ಅದನ್ನು ದಾರಕ್ಕೆ ಕಟ್ಟಿದ. ಬೀಸಿದ. ನೊಣ ಮೊದಲು ಬಂಡೆಗೆ ತಾಗಿ, ಅಲ್ಲಿಂದ ತಾನೇ ಜಾರಿ ಬಿದ್ದಂತೆ ನೀರಿಗೆ ಇಳಿಯಿತು. ಬೊಟ್ಟಿನಷ್ಟು ಒಂದು ಅಲೆ ಎದ್ದಿತು. ಕೋಲು ಬಾಗಿತು.

ನಾನು ಓದಿದ ಪುಸ್ತಕಗಳಲ್ಲಿ ಇಂಥ ಹೋರಾಟ ಪುಟಗಟ್ಟಲೆ ನಡೆಯುತ್ತದೆ. ಇದು ಮೂವತ್ತು ಎಣಿಸುವಷ್ಟರಲ್ಲಿ ಮುಗಿಯಿತು. ಬೇಗ ಮುಗಿಸುವುದೇ ಬೇಸಿಗೆಯ ಜಾಣತನ. ಮೀನು ಒಮ್ಮೆ ನಡುಮಡುವಿಗೆ ನುಗ್ಗಿತು, ಅವನು ಕೋಲನ್ನು ದಡದ ಕಡೆ ಮಲಗಿಸಿ ತಿರುಗಿಸಿದ. ಇನ್ನೊಮ್ಮೆ ನುಗ್ಗಿತು, ಇನ್ನೊಮ್ಮೆ ತಿರುಗಿಸಿದ. ಆಮೇಲೆ ತಣ್ಣೀರಿನ ಎಳೆ ಹಿಡಿದು ಮೇಲೆ ಬಂದು, ಅತ್ತಿಗೆಯ ಎರಡು ಪಾದಗಳ ನಡುವೆ ನಿಂತಿತು.

ಅವರು ಕಿರುಚಲಿಲ್ಲ. ಕಾಲನ್ನೂ ಅಲುಗಿಸಲಿಲ್ಲ. ಕೆಳಗೆ ನೋಡುತ್ತ ಪಿಸುಮಾತಿನಲ್ಲಿ, "ಎಷ್ಟು ಚೆನ್ನಾಗಿದೆ ರೀ" ಎಂದರು. ಇಪ್ಪತ್ತೇಳು ವರ್ಷಕ್ಕೆ ಅವನಿಗೆ ಸಂದದ್ದು ಅಷ್ಟು. ಸಾಕಾಗಿತ್ತು ಎಂದು ಅವನ ಮುಖ ಹೇಳುತ್ತಿತ್ತು.

ಒಂದು ಗೇಣು, ಮೇಲೆರಡು ಬೆರಳು. ಕಪ್ಪು ಬೆನ್ನು, ಪಕ್ಕೆಯಲ್ಲಿ ಕೆಂಪು ಚುಕ್ಕೆಗಳು, ಪ್ರತಿ ಚುಕ್ಕೆಗೂ ಬಿಳಿಯ ಅಂಚು, ಕಾಜಾ ಕಟ್ಟಿದ ಹಾಗೆ. ಮಾಸ್ತರ ಕೈ ನೆನೆಸಿಕೊಂಡು ನೀರೊಳಗೇ ಕೊಕ್ಕೆ ಬಿಡಿಸಿದ. ಕಾರ್ಯದರ್ಶಿಗಳ ಕಡೆ ತಿರುಗಿ, "ಬನ್ನಿ, ಕೈ ಒದ್ದೆ ಮಾಡ್ಕೊಳ್ಳಿ. ಮಂಡಿ ಊರಬೇಕಾಗುತ್ತೆ" ಎಂದ. ಬಿಳಿ ಪ್ಯಾಂಟಿನ ಆ ಮನುಷ್ಯ ಪಾಚಿಯ ಮೇಲೆ ಮಂಡಿಯೂರಿದರು. ಮೀನನ್ನು ಅವರ ಅಂಗೈಗಳ ಮೇಲೆ, ನೀರೊಳಗೆ, ಹರಿವಿಗೆ ಮುಖ ಮಾಡಿ ಇಟ್ಟ. ಅದು ಅಲ್ಲೇ ಎರಡು ಉಸಿರು ತೆಗೆದುಕೊಂಡು, ಬಾಲ ಬಡಿದು, ನೆರಳಿಗೆ ಹೋಯಿತು. ಅವರು ಎದ್ದೇಳಲಿಲ್ಲ. ಕೆನ್ನೆಯನ್ನು ನೀರಿಗೆ ತಾಗುವಷ್ಟು ಬಗ್ಗಿಸಿ ಬಂಡೆಯಡಿ ನೋಡುತ್ತಿದ್ದರು. ಬಹಳ ಹೊತ್ತಿನ ಮೇಲೆ, "ಹನ್ನೊಂದು" ಎಂದರು. ಸ್ವಲ್ಪ ತಡೆದು, "ಅಲ್ಲ, ಹದಿಮೂರು."

ಇನ್ನೊಂದು ಮೀನು ಹಿಡಿಯಲು ಮಾಸ್ತರ ಒಪ್ಪಲಿಲ್ಲ. ಇದು ಅವು ಬೇಸಿಗೆ ಕಳೆಯಲು ಬಂದ ಮನೆ, ಒಂದು ಸಲ ಬಾಗಿಲು ತಟ್ಟಿದ್ದೇ ಹೆಚ್ಚು ಎಂದ. ಇಳಿದು ಸೇತುವೆಗೆ ಬಂದೆವು. ಕಾರ್ಯದರ್ಶಿಗಳು ಅಲ್ಲಿ ನಿಂತು ಆರ್ಡರು ಹೋಗುವುದಿಲ್ಲ ಎಂದರು. ಆ ಕಂದು ನೊಣವನ್ನು ಇನ್ನೊಮ್ಮೆ ತೋರಿಸಿ ಎಂದು ಕೇಳಿ, ಬಿಸಿಲಿಗೆ ಹಿಡಿದು ನೋಡಿ, ಈ ಬಣ್ಣ ಎಲ್ಲೋ ನೋಡಿದ ಹಾಗಿದೆಯಲ್ಲ ಎಂದರು.

"ನಿಮ್ಮ ಕೋಟೇ. ಹೋದ ವರ್ಷ ತೋಳು ಗಿಡ್ಡ ಮಾಡಿಸಿದ್ರಲ್ಲ" ಎಂದ ಮಾಸ್ತರ. ಅವರು ನಕ್ಕ ನಗೆಗೆ ಸೇತುವೆಯ ಕೆಳಗಿನ ಹಕ್ಕಿಗಳು ಎದ್ದವು.

ಮರುದಿನದಿಂದ ಬೀದಿಯಲ್ಲಿ ಅತ್ತಿಗೆಯದೇ ರಾಜ್ಯ. ಕ್ಷೌರದಂಗಡಿಯವನಿಗೆ ಹೇಳುವಾಗ ಮೀನು ಮೊಣಕೈ ಉದ್ದ ಇತ್ತು, ವಾರ ಕಳೆಯುವುದರೊಳಗೆ ತೋಳುದ್ದವಾಯಿತು. ಒಂದು ಗೇಣು, ಮೇಲೆರಡು ಬೆರಳು ಕಣೇ ಎಂದು ಮಾಸ್ತರ ಒಳಗಿನಿಂದ ಗೋಗರೆಯುತ್ತಿದ್ದ. ನಿಮಗೇನು ಗೊತ್ತು, ನಿಂತಿದ್ದು ನನ್ನ ಕಾಲ ಹತ್ತಿರ ಎಂದು ಅವರು ಬಾಯಿ ಮುಚ್ಚಿಸುತ್ತಿದ್ದರು. ಸಂಘ ಸೇತುವೆಯ ಕಂಬಕ್ಕೆ ಒಂದು ಥರ್ಮಾಮೀಟರ್ ಕಟ್ಟಿಸಿತು, ಔಷಧಿ ಅಂಗಡಿಯ ಕೊಡುಗೆ. ಅದಕ್ಕೆ ಕೆಂಪು ದಾರ ಸುತ್ತಿಕೊಟ್ಟವನು ಮಾಸ್ತರ. ಬೇಸಿಗೆಯಲ್ಲಿ ಗಾಳ ಹಾಕುವವರು ಯಾರೇ ಆಗಲಿ ಮೊದಲು ಅದನ್ನು ಇಳಿಬಿಟ್ಟು ನೂರು ಎಣಿಸುತ್ತಾರೆ. ಒಂಬತ್ತು ವರ್ಷವಾಯಿತು, ತಪ್ಪಿಲ್ಲ. ಮೇಲಿನ ಮಡುಗಳಲ್ಲಿ ಈಗ ಸಂಘದವರೇ ಪ್ರತಿ ವರ್ಷ ಮಂಡಿಯೂರಿ ಮೂತಿ ಎಣಿಸುತ್ತಾರೆ. ಹೋದ ಸಲ ನಲವತ್ತು ದಾಟಿತ್ತು.

ಅವನು ಹೋದದ್ದು ಚಳಿಗಾಲದ ಒಂದು ಮಧ್ಯಾಹ್ನ, ಅಂಗಡಿಯಲ್ಲಿ, ಕೆಲಸದ ನಡುವೆ. ಯಂತ್ರದ ಸೂಜಿ ಬಟ್ಟೆಯಲ್ಲಿ ಇಳಿದೇ ಇತ್ತು. ಬಟ್ಟೆ ನನ್ನದು. ತುದಿ ಗಿಡ್ಡ ಮಾಡಲು ಕೊಟ್ಟಿದ್ದ ಪ್ಯಾಂಟು. ತಿಂಗಳ ಮೇಲೆ ಅತ್ತಿಗೆ ತಂದುಕೊಟ್ಟಾಗ ನೋಡಿದರೆ ತುದಿಗಳು ಮುಗಿದಿದ್ದವು. ಎಡ ಮಂಡಿಯ ಒಳಗೆ, ಹೊರಗೆ ಕಾಣದ ಹಾಗೆ, ಇನ್ನೊಂದು ಪದರ ದಪ್ಪ ಬಟ್ಟೆ ಹಾಕಿದ್ದ. ನಾನು ಕೇಳಿರಲಿಲ್ಲ. ಬಲ ಮಂಡಿಗೆ ಮೊದಲ ನಾಲ್ಕು ಹೊಲಿಗೆ ಬಿದ್ದಿತ್ತು. ನಾನು ಮುಗಿಸಿಕೊಡಲಾ ಎಂದು ಅತ್ತಿಗೆ ಕೇಳಿದರು. ಬೇಡ, ಹೀಗೇ ಇರಲಿ ಎಂದೆ.

ಕಳೆದ ಭಾನುವಾರ ಐದೂವರೆಗೆ ಅತ್ತಿಗೆ ಸೇತುವೆಯಲ್ಲಿ ಕಾದಿದ್ದರು, ಕೊಡೆ ಇಲ್ಲದೆ. ಅವನ ಕೋಲು ನನ್ನ ಹೆಗಲಲ್ಲಿ, ಅವನ ಥರ್ಮಾಮೀಟರ್ ನನ್ನ ಜೇಬಿನಲ್ಲಿ. ಮೇಲಿನ ಮಡುವಿನಲ್ಲಿ ನೂರು ಎಣಿಸಿ ಎತ್ತಿದೆ. ಎಷ್ಟಿದೆ ಎಂದು ಅವರು ಕೇಳಿದರು. ಹದಿನೇಳು ಎಂದೆ. ಹಾಗಾದ್ರೆ ಹಾಕಿ ಎಂದರು.

ಎಡ ಮಂಡಿ ಊರಿದೆ. ಮೊದಲ ಸಲ ನೊಣ ಪೊದೆಗೆ ಸಿಕ್ಕಿತು, ಎರಡನೆಯ ಸಲ ನನ್ನ ಟೋಪಿಗೆ. ಏಳನೆಯ ಸಲವೋ ಎಂಟನೆಯ ಸಲವೋ ಅದು ನೀರಿಗೇ ಬಿತ್ತು, ನೀರು ಚಿಮ್ಮಿತು, ಕೋಲಿಗೆ ಜೀವ ಬಂತು. ಮುಂಗೈಗೆ ಬಂದ ಆ ಎಳೆತವನ್ನು ಅವನು ಎಷ್ಟೋ ಸಲ ವಿವರಿಸಿದ್ದ. ಅವನು ಹೇಳಿದ್ದು ಕಡಿಮೆಯೇ. ಕೈ ನೆನೆಸಿಕೊಂಡು ಬಿಡಿಸಿ ಬಿಟ್ಟೆ. ಅಂಗೈಯಷ್ಟಿತ್ತು. ಗೇಣೂ ಇಲ್ಲ.

ಬೀದಿ ತಲುಪಿ ಅತ್ತಿಗೆ ಕ್ಷೌರದಂಗಡಿಯ ಮುಂದೆ ನಿಂತು ಎರಡೂ ಕೈ ಅಗಲಿಸಿ ತೋರಿಸುವಾಗ ಅದು ಮೊಣಕೈ ಉದ್ದವಾಗಿತ್ತು. ನಾನು ತಿದ್ದಲಿಲ್ಲ.